ಹಳ್ಳದ ನೀರು ಎಲ್ಲಿ ಬದಲಾಯಿತು: ಚಿಕ್ಕ ಮಕ್ಕಳಿಗೆ ತನಿಖೆ ಕಲಿಸುವ ಬಗೆ

ಪ್ರಶ್ನೆ: ನಾನು ಶಿರಸಿ ತಾಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಘನಾಶಿನಿಗೆ ಸೇರುವ ಹಳ್ಳವೊಂದು ನಮ್ಮ ಶಾಲೆಯ ಹಿಂದೆಯೇ ಹರಿಯುತ್ತದೆ. ಮೂರರಿಂದ ಐದನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ನೀರಿನ ಮಾಲಿನ್ಯದ ಪಾಠ ಮಾಡಿದೆ. ಮಕ್ಕಳು ಪ್ಲಾಸ್ಟಿಕ್ ಚೀಲಗಳನ್ನು ಎಣಿಸಿದರು, 'ನಮ್ಮ ಹಳ್ಳ ಹಾಳಾಗಿದೆ' ಎಂದು ಚಿತ್ರ ಬರೆದರು, ಅಲ್ಲಿಗೆ ಮುಗಿಯಿತು. ಇಷ್ಟು ಸಣ್ಣ ಮಕ್ಕಳಿಂದ ನಿಜವಾದ ತನಿಖೆ ಮಾಡಿಸಲು ಸಾಧ್ಯವೇ? ಅದಕ್ಕೆ ನೀರು ಪರೀಕ್ಷೆಯ ಕಿಟ್ ತರಿಸಬೇಕೇ?

ಉತ್ತರ:

ಖಂಡಿತ ಸಾಧ್ಯ, ಮತ್ತು ಕಿಟ್ ಸದ್ಯಕ್ಕೆ ಬೇಡ. ಪಾಠ ಚಿತ್ರಕ್ಕೆ ನಿಂತುಹೋಗಲು ಮಕ್ಕಳ ವಯಸ್ಸು ಕಾರಣವಲ್ಲ. ಅವರು ಹಳ್ಳವನ್ನು ಒಂದೇ ಜಾಗದಲ್ಲಿ ನಿಂತು ನೋಡಿದ್ದು ಕಾರಣ. ಹಾಗೆ ನೋಡಿದವರು ನೀರು ಚೆನ್ನಾಗಿದೆ ಅಥವಾ ಕೆಟ್ಟಿದೆ ಎಂದಷ್ಟೇ ಹೇಳಬಲ್ಲರು. ಅದೇ ಹಳ್ಳವನ್ನು ಊರಿಗಿಂತ ಮೇಲೆ ಒಮ್ಮೆ, ಊರು ದಾಟಿದ ಮೇಲೆ ಒಮ್ಮೆ ನೋಡಿದ ಎಂಟು ವರ್ಷದ ಮಗುವಿಗೆ, ಯಾರೂ ಹೇಳಿಕೊಡದೆಯೇ, 'ಅಕ್ಕೋರೇ, ನಡುವೆ ಏನಾಯಿತು?' ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯ ಬೆನ್ನು ಹತ್ತುವುದೇ ತನಿಖೆ. ಆದ್ದರಿಂದ ಹೋಲಿಸಿ ನೋಡಲು ಇನ್ನೊಂದು ಜಾಗ ಸಿಗುವ ತನಕ ಮಕ್ಕಳು 'ಮಲಿನ' ಎಂಬ ಪದವನ್ನು ಬಳಸದಂತೆ ನೋಡಿಕೊಳ್ಳಿ. ಮುಂದೆ ನಾನು ಬರೆಯುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ನೀವೊಬ್ಬರೇ ಹೋಗಿ ಮೂರು ಜಾಗಗಳನ್ನು ಗೊತ್ತು ಮಾಡಿಕೊಳ್ಳಿ. ಮನೆ, ತೋಟಗಳು ಶುರುವಾಗುವ ಮೊದಲಿನ ಜಾಗ ಒಂದು. ಊರಿನ ಬಚ್ಚಲು ನೀರು, ಕೊಟ್ಟಿಗೆಯ ನೀರು ಎಲ್ಲ ಸೇರಿದ ಮೇಲಿನದು ಇನ್ನೊಂದು. ಅಲ್ಲಿಂದ ಅರ್ಧ ಕಿಲೋಮೀಟರಿನಷ್ಟು ಕೆಳಗಿನದು ಮೂರನೆಯದು. ಮೂರೂ ಕಡೆ ನೀರು ಮಕ್ಕಳ ಮೊಣಕಾಲಿಗಿಂತ ಕೆಳಗೇ ಇರಬೇಕು, ಕಲ್ಲುಗಳ ಮೇಲೆ ಹರಿಯುತ್ತಿರಬೇಕು, ನೆರಳೂ ಸುಮಾರಾಗಿ ಒಂದೇ ರೀತಿ ಇರಬೇಕು. ಹರಿಯುವ ನೀರನ್ನು ಗುಂಡಿಯಲ್ಲಿ ನಿಂತ ನೀರಿನ ಜೊತೆ ಹೋಲಿಸಿದರೆ ಕಾಣುವ ವ್ಯತ್ಯಾಸ ಗುಂಡಿಯದೇ ಹೊರತು ಊರಿನದಲ್ಲ. ಅಳೆಯುವ ದಿನ ಮಾತ್ರ ಕೆಳಗಿನ ಜಾಗದಿಂದ ಆರಂಭಿಸಿ ಮೇಲಕ್ಕೆ ನಡೆಯಿರಿ. ಮೇಲಿನಿಂದ ಇಳಿದು ಬಂದರೆ ಮಕ್ಕಳ ಕಾಲಿನಿಂದ ಎದ್ದ ಕೆಸರು ಅವರಿಗಿಂತ ಮೊದಲೇ ಕೆಳಗಿನ ಜಾಗವನ್ನು ಮುಟ್ಟಿರುತ್ತದೆ, ಮತ್ತು ಅವರು ತಾವೇ ಕಲಕಿದ ನೀರನ್ನು ಅಳೆಯುತ್ತಾರೆ.

ಮೂರನೆಯ ಜಾಗವನ್ನು ದಯವಿಟ್ಟು ಬಿಡಬೇಡಿ. ಹೊಳೆ ಕೆಳಗೆ ಹೋದಂತೆಲ್ಲ ಕೆಡುತ್ತಲೇ ಹೋಗುತ್ತದೆ ಎಂದು ಹೆಚ್ಚಿನ ದೊಡ್ಡವರೂ ನಂಬಿದ್ದಾರೆ. ನಿಜದಲ್ಲಿ ಕಲ್ಲುಗಳ ಮೇಲೆ ಧುಮುಕುವ ನೀರು ಗಾಳಿಯಿಂದ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ, ಆ ಆಮ್ಲಜನಕವನ್ನು ಬಳಸಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ಕರಗಿಸುತ್ತವೆ, ಪಕ್ಕದ ಸಣ್ಣ ಝರಿಗಳು ಸೇರಿ ಉಳಿದದ್ದನ್ನು ತೆಳುವಾಗಿಸುತ್ತವೆ. ಅಘನಾಶಿನಿಯ ಮೂಲಗಳೆಂದು ಶಿರಸಿ ಪೇಟೆಯ ಶಂಕರಹೊಂಡವನ್ನೂ ಮಂಜುಗುಣಿಯನ್ನೂ ಹೇಳುತ್ತಾರೆ. ಅಂದರೆ ಈ ನದಿಯ ಒಂದು ಕವಲು ಹುಟ್ಟುವುದೇ ಪೇಟೆಯ ನಡುವೆ. ಆ ಕವಲಿನ ದಂಡೆಯ ಶಾಲೆಗಳಿಗೆ 'ಮೇಲಿನ ನೀರು' ಎಂದರೆ ಪೇಟೆಯ ನೀರು, ಅಲ್ಲಿನ ಮಕ್ಕಳಿಗೆ ಕೆಳಗೆ ಹೋದಂತೆ ನೀರು ಸುಧಾರಿಸುವುದು ಕಾಣಬಹುದು. ನಿಮ್ಮ ಹಳ್ಳದಲ್ಲಿ ಯಾವುದು ಕಾಣುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಬೇಡಿ. ಹೊರಡುವ ಮೊದಲು ಪ್ರತಿ ಮಗುವೂ ತನ್ನ ಊಹೆಯನ್ನು ಪಟ್ಟಿಯಲ್ಲಿ ಬರೆದಿಡಲಿ, ಊಹೆ ತಪ್ಪಿದರೆ ಅಳಿಸದೆ ಹಾಗೆಯೇ ಉಳಿಸಲಿ.

ಇನ್ನು ಕಣ್ಣು ಮತ್ತು ಮೂಗಿನ ಕೆಲಸ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಇಲ್ಲಿ ಕೊಳಕಾಗಿ ಕಾಣುವುದೆಲ್ಲ ಮಾಲಿನ್ಯವಲ್ಲ. ಜಂಬಿಟ್ಟಿಗೆ ಕಲ್ಲಿನ ಸಂದಿಯಿಂದ ಒಸರುವ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅದನ್ನೇ ಬಳಸಿ ಬದುಕುವ ಬ್ಯಾಕ್ಟೀರಿಯಾಗಳಿಂದ ದಂಡೆಯಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟುತ್ತದೆ, ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಬಣ್ಣಬಣ್ಣದ ಪೊರೆ ತೇಲುತ್ತದೆ. ಮಕ್ಕಳು ಅದನ್ನು ಕಂಡ ಕೂಡಲೇ 'ಪಂಪ್‌ಸೆಟ್ಟಿನ ಡೀಸೆಲ್' ಎನ್ನುತ್ತಾರೆ. ಒಂದು ಕಡ್ಡಿಯಿಂದ ಪೊರೆಯನ್ನು ಮೆಲ್ಲಗೆ ಗೀರಲು ಹೇಳಿ. ಕಬ್ಬಿಣದ ಪೊರೆ ಮೂಲೆಗಳುಳ್ಳ ಚೂರುಗಳಾಗಿ ಒಡೆದು ಹಾಗೆಯೇ ದೂರ ದೂರ ನಿಲ್ಲುತ್ತದೆ. ಎಣ್ಣೆಯ ಪೊರೆ ಕಡ್ಡಿ ಹೋದ ದಾರಿಯಲ್ಲಿ ತಿರುಗಿ ಮತ್ತೆ ಕೂಡಿಕೊಳ್ಳುತ್ತದೆ. ಹತ್ತು ಮಕ್ಕಳು ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಉಸಿರು ಬಿಗಿಹಿಡಿದು ನೋಡುವಂಥ ಪರೀಕ್ಷೆ ಇದು, ಖರ್ಚು ಒಂದು ಪೈಸೆಯೂ ಇಲ್ಲ. 'ಕಂಡದ್ದು ಬೇರೆ, ಅದರ ಕಾರಣ ಬೇರೆ' ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ನೊರೆಯ ವಿಷಯವೂ ಹೀಗೆಯೇ. ಕಾಡಿನ ಎಲೆ ಕೊಳೆತು ನೀರಿಗೆ ಇಳಿಯುವ ವಸ್ತುಗಳಿಂದ ಅಬ್ಬಿಯ ಬುಡದಲ್ಲಿ ಸಹಜವಾಗಿಯೇ ನೊರೆ ಏಳುತ್ತದೆ. ಅದರ ಬಣ್ಣ ಕಂದು, ವಾಸನೆ ಮಣ್ಣಿನದು. ಸಾಬೂನಿನ ನೊರೆ ಬೆಳ್ಳಗಿರುತ್ತದೆ, ಪರಿಮಳ ಇರುತ್ತದೆ, ಬಟ್ಟೆ ಒಗೆಯುವ ಕಲ್ಲಿನಿಂದ ಕೆಳಕ್ಕೆ ಗೆರೆಯಾಗಿ ಸಾಗುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ನೀರು ಕೆಂಪಾಗಿ ಕಂಡರೆ ಅದು ಮಣ್ಣೋ, ಅಡಿಕೆ ಬೇಯಿಸಿದ ಚೊಗರೋ ಎಂದು ನೋಡಬೇಕು. ಬಾಟಲಿಯಲ್ಲಿ ತುಂಬಿ ಒಂದು ರಾತ್ರಿ ಅಲುಗಾಡದಂತೆ ಇಟ್ಟರೆ ಮಣ್ಣು ಬಹುಪಾಲು ತಳಕ್ಕೆ ಕೂರುತ್ತದೆ, ಚೊಗರು ನೀರಿನಲ್ಲೇ ಉಳಿಯುತ್ತದೆ. ರುಚಿ ನೋಡುವುದು ಮಾತ್ರ ಎಂದೂ ಬೇಡ. ಮೂಸುವಾಗಲೂ ಬಾಟಲಿಯನ್ನು ಮೂಗಿಗೆ ಹಿಡಿಯದೆ, ಕೈಯಿಂದ ಗಾಳಿಯನ್ನು ತಮ್ಮ ಕಡೆಗೆ ಬೀಸಿಕೊಳ್ಳಲಿ.

ಅಳೆಯಲು ಈ ವಯಸ್ಸಿಗೆ ಎರಡು ಅಳತೆ ಸಾಕು: ತಿಳಿ ಮತ್ತು ಉಷ್ಣತೆ. ತಿಳಿಯನ್ನು ಅಳೆಯಲು ಅರುವತ್ತು ಸೆಂಟಿಮೀಟರಿನಷ್ಟು ಉದ್ದದ ಪಾರದರ್ಶಕ ಕೊಳವೆಯ ತಳವನ್ನು ಮುಚ್ಚಿ, ಒಳಗೆ ಕಪ್ಪು ಬಿಳಿ ಕಾಲುಭಾಗಗಳನ್ನು ಬರೆದ ಬಿಲ್ಲೆಯೊಂದನ್ನು ಇಡಿ, ಹೊರಗೆ ಸ್ಕೇಲಿನ ಗುರುತು ಹಾಕಿ. ಇಟಲಿಯ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದ ನೀರಿನ ತಿಳಿಯನ್ನು ನೋಡಲು ಬಿಲ್ಲೆಯನ್ನು ಹಗ್ಗ ಕಟ್ಟಿ ಇಳಿಬಿಟ್ಟ ವಿಧಾನದ ಚಿಕ್ಕ ರೂಪ ಇದು. ಮೇಲಿನಿಂದ ನೋಡುತ್ತ ನೀರನ್ನು ನಿಧಾನ ಸುರಿಯಬೇಕು. ಬಿಲ್ಲೆ ಕಾಣದಾದ ಕ್ಷಣ ನೀರಿನ ಎತ್ತರ ಎಷ್ಟೋ ಅದೇ ಅಂಕಿ. ಇಲ್ಲಿ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಿ. ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ನೋಡಿ, ಒಬ್ಬರಿಗೊಬ್ಬರು ಹೇಳದೆ ಚೀಟಿಯಲ್ಲಿ ಬರೆಯಲಿ. ಒಬ್ಬಳದು 31, ಇನ್ನೊಬ್ಬನದು 36 ಬಂದಿತು ಎಂದುಕೊಳ್ಳಿ. 'ಯಾರದು ಸರಿ?' ಎಂದು ಮಕ್ಕಳು ನಿಮ್ಮ ಮುಖ ನೋಡುತ್ತಾರೆ. ನೀವು ತೀರ್ಪು ಕೊಡಬೇಡಿ. ಮೂರನೆಯ ಮಗುವಿನಿಂದ ನೋಡಿಸಿ, ಮೂರು ಅಂಕಿಗಳನ್ನೂ ಬರೆಸಿ. ಒಂದೇ ನೀರಿಗೆ ಐದು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ ಎಂದ ಮೇಲೆ, ಮೇಲಿನ ಜಾಗಕ್ಕೂ ಕೆಳಗಿನ ಜಾಗಕ್ಕೂ ಇರುವ ನಾಲ್ಕು ಸೆಂಟಿಮೀಟರ್ ವ್ಯತ್ಯಾಸವನ್ನು ನಂಬಬಹುದೇ ಎಂಬ ಪ್ರಶ್ನೆಯನ್ನು ಐದನೇ ತರಗತಿಯ ಮಕ್ಕಳು ತಾವಾಗಿಯೇ ಕೇಳುತ್ತಾರೆ.

ಉಷ್ಣತೆಗೆ ಸಾಧಾರಣ ಥರ್ಮಾಮೀಟರ್ ಸಾಕು, ಪಾದರಸದ್ದು ಬೇಡ. ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು, ಮೂವತ್ತು ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಸ್ನಾನಕ್ಕೆ ಬಳಸುವ ಹೊಳೆಯ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಈ ಅಂಕಿಗಳು ನಿಮ್ಮ ತಿಳಿವಳಿಕೆಗೆ. ಮಕ್ಕಳಿಗೆ 'ಬಿಸಿ ನೀರಿನಲ್ಲಿ ಹುಳ, ಮೀನುಗಳಿಗೆ ಉಸಿರು ಕಡಿಮೆ' ಎಂದರೆ ಆಯಿತು. ದಂಡೆಯ ಮರ ಕಡಿದ ಕಡೆ ನೀರು ಎಷ್ಟು ಬೆಚ್ಚಗಾಗಿದೆ ಎಂದು ಅವರು ಅಳೆದು ತೋರಿಸಬಲ್ಲರು.

ಸಾಬೂನನ್ನು ಹುಡುಕಲು ಅರಿಶಿನ ನೆನೆಸಿ ಒಣಗಿಸಿದ ಕಾಗದದ ಪಟ್ಟಿ ಬಳಸಿ. ಸಾಬೂನಿನ ನೀರು ತಾಗಿದರೆ ಅದು ಕೆಂಪಾಗುತ್ತದೆ. ಆದರೆ ಹರಿವಿನಲ್ಲಿ ಸಾಬೂನು ಬೇಗ ತೆಳುವಾಗುವುದರಿಂದ ಕಾಗದ ಹಳದಿಯಾಗಿಯೇ ಉಳಿಯುವುದು ಹೆಚ್ಚು, ಹಾಗೆ ಉಳಿದ ಮಾತ್ರಕ್ಕೆ ಸಾಬೂನು ಇಲ್ಲವೆಂದಲ್ಲ. ತರಗತಿಯಲ್ಲಿ ಬಕೆಟ್ಟಿನ ನೀರಿಗೆ ಸಾಬೂನು ಬೆರೆಸಿ, ಮತ್ತೆ ಮತ್ತೆ ನೀರು ಸೇರಿಸುತ್ತ, ಕಾಗದ ಯಾವಾಗ ಕೆಂಪಾಗುವುದನ್ನು ನಿಲ್ಲಿಸುತ್ತದೆ ಎಂದು ಮೊದಲೇ ನೋಡಿಕೊಂಡರೆ ಈ ಮಿತಿ ಮಕ್ಕಳಿಗೆ ಅರ್ಥವಾಗುತ್ತದೆ. ತಟ್ಟೆಯ ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಸಾಬೂನು ಹಚ್ಚಿದ ಬೆರಳನ್ನು ತಾಗಿಸಿದರೆ ಪುಡಿ ಅಂಚಿಗೆ ಓಡುವುದನ್ನೂ ತೋರಿಸಿ; ನೀರಿನ ಮೇಲೆ ಓಡಾಡುವ ಉದ್ದ ಕಾಲಿನ ಹುಳಗಳಿಗೆ ಸಾಬೂನು ಏಕೆ ಕಂಟಕ ಎಂಬುದು ಅದರಿಂದ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಕಲ್ಲಿನಡಿಯ ಜೀವಿಗಳಲ್ಲಿ. ಬಾಟಲಿಗೆ ತುಂಬಿದ ನೀರು ಆ ಗಳಿಗೆಯದು ಮಾತ್ರ. ಬೆಳಿಗ್ಗೆ ಯಾರೋ ಔಷಧದ ಡ್ರಮ್ ತೊಳೆದು, ಮಕ್ಕಳು ಮಧ್ಯಾಹ್ನ ಹೋದರೆ ಆ ನೀರು ಅಷ್ಟರಲ್ಲಿ ದಾಟಿಹೋಗಿರುತ್ತದೆ. ಕಲ್ಲಿಗೆ ಅಂಟಿಕೊಂಡ ಹುಳಗಳು ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಅಲ್ಲೇ ಇರುವುದರಿಂದ, ಹಿಂದಿನ ದಿನಗಳಲ್ಲಿ ಹಾದುಹೋದ ನೀರಿನ ಲೆಕ್ಕ ಅವುಗಳಲ್ಲಿ ಉಳಿದಿರುತ್ತದೆ. ಅಂಗೈಯಗಲದ ಕಲ್ಲೊಂದನ್ನು ಮೆಲ್ಲಗೆ ಎತ್ತಿ, ನೀರು ತುಂಬಿದ ಬಿಳಿ ತಟ್ಟೆಯಲ್ಲಿ ತೊಳೆದು ನೋಡಿ. ಹೊಟ್ಟೆಯ ಎರಡೂ ಬದಿಗೆ ಗರಿಯಂಥ ಕಿವಿರುಗಳನ್ನು ಆಡಿಸುವ, ಸಾಮಾನ್ಯವಾಗಿ ಮೂರು ಬಾಲದ ಚಪ್ಪಟೆ ಮರಿ ಮೇಫ್ಲೈ. ಎರಡು ಬಾಲದ, ಕಾಲಿನ ತುದಿಯಲ್ಲಿ ಎರಡೆರಡು ಉಗುರಿರುವ ಮರಿ ಸ್ಟೋನ್‌ಫ್ಲೈ. ಮರಳಿನ ಕಣ ಇಲ್ಲವೇ ಎಲೆಯ ಚೂರುಗಳನ್ನು ಅಂಟಿಸಿ ಮನೆ ಕಟ್ಟಿಕೊಂಡು ಅದನ್ನು ಎಳೆದುಕೊಂಡೇ ತಿರುಗುವುದು ಕ್ಯಾಡಿಸ್. ಈ ಮೂರೂ ಸಿಕ್ಕರೆ ಆ ಜಾಗದಲ್ಲಿ ಆಮ್ಲಜನಕ ಚೆನ್ನಾಗಿದೆ, ಸ್ಟೋನ್‌ಫ್ಲೈ ಅಂತೂ ಕೆಟ್ಟ ನೀರಿನಲ್ಲಿ ಮೊದಲು ಕಣ್ಮರೆಯಾಗುವ ಜೀವಿ. ಕೆಸರಿನಲ್ಲಿ ಕೆಂಪು ನೂಲಿನಂತೆ ಹೊರಳಾಡುವ ಹುಳಗಳಿಗೆ ಕೆಂಪು ಬಂದಿರುವುದು ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನಂಥದೇ ವಸ್ತುವಿನಿಂದ. ಆಮ್ಲಜನಕ ಕಡಿಮೆ ಇರುವಲ್ಲಿ ಅವು ಬದುಕಲು ಅದೇ ಆಧಾರ. ಒಂದು ಕೆಂಪು ಹುಳ ಒಳ್ಳೆಯ ನೀರಿನಲ್ಲೂ ಇರಬಹುದು. ಉಳಿದವೆಲ್ಲ ಮಾಯವಾಗಿ ಅವೇ ತುಂಬಿಕೊಂಡಿದ್ದರೆ ಆಗ ಯೋಚಿಸಬೇಕು. ಹೆಸರು ಗೊತ್ತಾಗದ ಜೀವಿಗೆ ಮಕ್ಕಳೇ ಹೆಸರಿಡಲಿ, ಚಿತ್ರ ಬರೆಯಲಿ, ಎಷ್ಟು ಬಗೆಯವು ಸಿಕ್ಕವು ಎಂದು ಎಣಿಸಲಿ. ಬಗೆಗಳ ಸಂಖ್ಯೆಯೇ ಸಾಕಷ್ಟು ಹೇಳುತ್ತದೆ. ಜೀವಿಗಳನ್ನು ಅದೇ ಜಾಗಕ್ಕೆ ಬಿಟ್ಟು, ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಇಡಬೇಕು.

ಮುಂಗಾರಿನಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮಾತು ನಿಮ್ಮ ಊರಿನಲ್ಲಿ ಬಂದೇ ಬರುತ್ತದೆ. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ನೀರಿನ ಪಾಚಿಗೂ ಹುಳಗಳಿಗೂ ವಿಷ, ಆದರೆ ಹಳ್ಳದಲ್ಲಿ ಬೆರೆತ ಮೇಲೆ ಅದು ಕಣ್ಣಿಗೂ ಅರಿಶಿನ ಕಾಗದಕ್ಕೂ ಸಿಗುವುದಿಲ್ಲ. ತಿಳಿಯಾದ, ತಣ್ಣಗಿನ, ವಾಸನೆಯಿಲ್ಲದ ನೀರಿನ ಕಲ್ಲುಗಳಡಿ ಏನೂ ಇಲ್ಲದಿದ್ದರೆ ಇಂಥ ಕಾರಣವೂ ಇರಬಹುದೆಂದು ಮಕ್ಕಳ ಪಟ್ಟಿಯಲ್ಲಿ 'ಊಹೆ' ಎಂದೇ ಬರೆಸಿ, 'ಕಂಡದ್ದು' ಎಂಬ ಸಾಲಿನಲ್ಲಿ ಅಲ್ಲ.

ಇಲ್ಲಿಂದ ಮುಂದಿನದು ನಾಜೂಕಿನ ವಿಷಯ, ಇಂಥ ಕೆಲಸಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ನೀರು ಎಲ್ಲಿ ಬದಲಾಯಿತು ಎಂದು ಹುಡುಕುತ್ತ ಮೇಲಕ್ಕೆ ನಡೆದ ಮಕ್ಕಳು ಕೊನೆಗೆ ಯಾರದೋ ಮನೆಯ ಹಿತ್ತಿಲನ್ನು ಮುಟ್ಟುತ್ತಾರೆ, ಆ ಮನೆಯ ಮಗು ಅದೇ ತರಗತಿಯಲ್ಲಿ ಕೂತಿರುತ್ತದೆ. ಸಾಮಾನ್ಯವಾಗಿ ಬೆರಳು ತೋರಿಸಿಕೊಳ್ಳುವುದು ನಲ್ಲಿಯಿಲ್ಲದೆ ಹಳ್ಳಕ್ಕೇ ಬಂದು ಬಟ್ಟೆ ಒಗೆಯುವ ಬಡ ಮನೆ. ಪೈಪಿನ ಮೂಲಕ ನೆಲದಡಿಯಿಂದ ಹಳ್ಳಕ್ಕೆ ನೀರು ಬಿಡುವ ಮನೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಮೊದಲ ದಿನವೇ ಒಂದು ಕಟ್ಟಳೆ ಮಾಡಿ: ಪಟ್ಟಿಯಲ್ಲಿ ಜಾಗ ಬರೆಯಬಹುದು, ವಸ್ತು ಬರೆಯಬಹುದು, ಮನುಷ್ಯರ ಹೆಸರನ್ನಾಗಲಿ ಮನೆಯ ಹೆಸರನ್ನಾಗಲಿ ಬರೆಯುವಂತಿಲ್ಲ. 'ಸೇತುವೆಯ ಕೆಳಗೆ, ಎಡದಂಡೆಯ ಚರಂಡಿ ಸೇರಿದ ಮೇಲೆ ಕ್ಯಾಡಿಸ್ ಸಿಗಲಿಲ್ಲ' ಎಂಬ ವಾಕ್ಯದಲ್ಲಿ ವಿಜ್ಞಾನಕ್ಕೆ ಬೇಕಾದದ್ದೆಲ್ಲ ಇದೆ. ಹೊರಡುವ ಮುನ್ನ ಪಾಲಕರ ಸಭೆಯಲ್ಲಿ ಈ ಕಟ್ಟಳೆಯನ್ನು ಓದಿ ಹೇಳಿದರೆ ಅವರ ಆತಂಕವೂ ಕಡಿಮೆಯಾಗುತ್ತದೆ.

ಈಗ ಕಿಟ್‌ನ ಪ್ರಶ್ನೆ. ಜಲ ಜೀವನ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ಯೋಜನೆ ಇದೆ. ನಿಮ್ಮ ಪಂಚಾಯಿತಿಯಲ್ಲಿ ತರಬೇತಿ ಪಡೆದವರು ಯಾರೆಂದು ವಿಚಾರಿಸಿ, ಅವರನ್ನೇ ಶಾಲೆಗೆ ಕರೆಯಿರಿ. ತಮ್ಮ ಊರಿನ ಚಿಕ್ಕಮ್ಮನೋ ಅತ್ತೆಯೋ ಪರೀಕ್ಷೆ ಮಾಡಿ ತೋರಿಸುವುದನ್ನು ನೋಡುವುದು ಮಕ್ಕಳಿಗೆ ಪೆಟ್ಟಿಗೆ ಕೊಂಡುಕೊಳ್ಳುವುದಕ್ಕಿಂತ ದೊಡ್ಡ ಪಾಠ. ಮಲದ ಸೋಂಕನ್ನು ಸೂಚಿಸುವ, ನೀರು ಕಪ್ಪಾಗುವ ಹೈಡ್ರೋಜನ್ ಸಲ್ಫೈಡ್ ಬಾಟಲಿಯ ಸರಳ ಪರೀಕ್ಷೆಯನ್ನು ಭಾರತದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದರು. ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ ಫಲಿತಾಂಶ ಕಾಣುತ್ತದೆ. ಕಪ್ಪಾದ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿರುವುದರಿಂದ ಅದನ್ನು ತೆರೆದು ಬ್ಲೀಚಿಂಗ್ ಪುಡಿ ಹಾಕುವ ಕೆಲಸ ನಿಮ್ಮದು, ಮಕ್ಕಳು ಮುಟ್ಟಬಾರದು. ಕಾಡುಪ್ರಾಣಿ, ದನಗಳಿಂದಲೂ ಅದು ಕಪ್ಪಾಗುತ್ತದೆ. ಕಪ್ಪಾಗದಿದ್ದರೆ ನೀರು ಕುಡಿಯಲು ಯೋಗ್ಯ ಎಂದೂ ಅಲ್ಲ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ. ಕೋಲಿ ಎಂಬ ಮಲದ ಬ್ಯಾಕ್ಟೀರಿಯಾ ಒಂದೂ ಇರಬಾರದೆಂಬ ಭಾರತೀಯ ಮಾನಕವನ್ನು ಹೇಳಿ, ಕಾಡಿನ ತಿಳಿನೀರೂ ಈ ಪರೀಕ್ಷೆಯಲ್ಲಿ ಕಪ್ಪಾಗಬಹುದೆಂದು ತೋರಿಸಿ.

ಕಾಲದ ಬಗ್ಗೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನು ಹಳ್ಳಕ್ಕೆ ಇಳಿಸಲೇಬೇಡಿ. ನವೆಂಬರಿನಲ್ಲಿ ಒಮ್ಮೆ, ಹರಿವು ಸಣ್ಣಗಾದ ಫೆಬ್ರುವರಿಯಲ್ಲಿ ಒಮ್ಮೆ ಅದೇ ಮೂರು ಜಾಗಗಳಿಗೆ ಹೋದರೆ, ಅಷ್ಟೇ ಕೊಳೆ ಕಡಿಮೆ ನೀರಿಗೆ ಬಿದ್ದಾಗ ಏನಾಗುತ್ತದೆ ಎಂಬುದು ಕಾಣುತ್ತದೆ. ಕಾಲಿಗೆ ಗಾಯವಿರುವ ಮಗು ದಂಡೆಯಲ್ಲೇ ನಿಂತು ಬರೆಯಲಿ, ಇಲಿಜ್ವರದ ರೋಗಾಣು ಗಾಯದ ಮೂಲಕ ಒಳಹೊಗಬಲ್ಲದು. ಮಂಗನ ಕಾಯಿಲೆಯ ಉಣುಗುಗಳು ಹೆಚ್ಚುವ ಕಾಲ ಡಿಸೆಂಬರಿನಿಂದ ಮೇ ತನಕ. ಫೆಬ್ರುವರಿಯ ಭೇಟಿಗೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಪ್ರಕರಣಗಳಿದ್ದರೆ ಕಾಡಿನ ಜಾಗವನ್ನು ಕೈಬಿಡಿ. ಬಂದ ಕೂಡಲೇ ಸಾಬೂನಿನಿಂದ ಕೈಕಾಲು ತೊಳೆಸಿ.

ಘಟ್ಟದ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದ ಶಿಕ್ಷಕರಿಗೂ ಒಂದು ಮಾತು. ಅಳಿವೆಯ ಹತ್ತಿರ ಭರತದ ವೇಳೆ ನೀರು ಮೇಲಕ್ಕೇ ಹರಿಯುವುದರಿಂದ ಮೇಲಿನ, ಕೆಳಗಿನ ಜಾಗಗಳ ಹೋಲಿಕೆ ತಲೆಕೆಳಗಾಗುತ್ತದೆ. ಎಲ್ಲ ಅಳತೆಗಳನ್ನೂ ಇಳಿತದ ಒಂದೇ ಹೊತ್ತಿಗೆ ಮಾಡಬೇಕು. ಕಪ್ಪು ಬಾಟಲಿಯ ಪರೀಕ್ಷೆ ಅಲ್ಲಿ ಬೇಡ, ಉಪ್ಪುನೀರಿನ ಕೆಸರಿನ ಬ್ಯಾಕ್ಟೀರಿಯಾಗಳೇ ಅದನ್ನು ಕಪ್ಪಾಗಿಸಬಲ್ಲವು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಕಲ್ಲಿನಡಿಯ ಹುಳಗಳ ಬದಲು ಚಿಪ್ಪಿಕಲ್ಲುಗಳನ್ನು ಗಮನಿಸಬಹುದು. ಅವು ನೀರನ್ನು ಸೋಸಿಯೇ ತಿನ್ನುವುದರಿಂದ ನೀರಿನಲ್ಲಿದ್ದದ್ದು ಅವುಗಳ ಮೈಯಲ್ಲಿ ಸೇರುತ್ತದೆ. ಚಿಪ್ಪಿ ತೆಗೆಯುವ ಹೆಂಗಸರನ್ನು ಮಕ್ಕಳು ಮಾತಾಡಿಸಿದರೆ, ಯಾವ ಜಾಗದಲ್ಲಿ ಯಾವಾಗಿನಿಂದ ಚಿಪ್ಪಿ ಕಡಿಮೆಯಾಯಿತು ಎಂಬ, ಯಾವ ಕಿಟ್ಟಿಗೂ ಸಿಗದ ಮಾಹಿತಿ ಸಿಗುತ್ತದೆ.

ಎರಡೂ ಭೇಟಿಗಳ ಪಟ್ಟಿಯನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಓದಲಿ. 'ಹಳ್ಳ ಉಳಿಸಿ' ಎಂಬ ಘೋಷಣೆಗೆ ಪಂಚಾಯಿತಿಯವರು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. 'ಎಡದಂಡೆಯ ಚರಂಡಿ ಸೇರುವಲ್ಲಿ ಇಂಗುಗುಂಡಿ ಮಾಡಿಸಿಕೊಡಿ, ಆಮೇಲೆ ನಾವು ಮತ್ತೆ ಅಳೆಯುತ್ತೇವೆ' ಎಂಬ ಮಾತನ್ನು ಠರಾವಿನಲ್ಲಿ ಬರೆದುಕೊಳ್ಳಬೇಕಾಗುತ್ತದೆ. ಮತ್ತೆ ಅಳೆಯಲು ಹೋಗುವ ದಿನ ಹಳೆಯ ಪಟ್ಟಿಯನ್ನು ಶಾಲೆಯ ಕಪಾಟಿನಲ್ಲೇ ಬಿಟ್ಟು ಹೋಗಿ. ಹಿಂದಿನ ಅಂಕಿಗಳು ಕೈಯಲ್ಲಿದ್ದರೆ, ಗುಂಡಿಯಾದ ಮೇಲೆ ನೀರು ಸುಧಾರಿಸಿರಲೇಬೇಕೆಂಬ ಆಸೆಯಿಂದ ಮಕ್ಕಳ ಕಣ್ಣು ಕೊಳವೆಯ ಮೇಲೆ ಎರಡು ಸೆಂಟಿಮೀಟರ್ ಹೆಚ್ಚೇ ಓದುತ್ತದೆ.